ಬೆಳೆ ಪರಿಹಾರ: ನಿಮ್ಮ ಗುಂಟೆಯ ಲೆಕ್ಕದಿಂದ ಊರಿನ ಪಟ್ಟಿಯವರೆಗೆ

ಬೆಳೆ ಹಾನಿ ಪರಿಹಾರದ ಬಗ್ಗೆ ನಮ್ಮ ರೈತರು ವಿಚಾರಿಸಲು ಶುರು ಮಾಡುವುದು ಸಾಮಾನ್ಯವಾಗಿ ಪಕ್ಕದ ಹೊಲದವರ ಖಾತೆಗೆ ದುಡ್ಡು ಬಿದ್ದ ಮೇಲೆ. ಅಷ್ಟೊತ್ತಿಗೆ ಸಮೀಕ್ಷೆ ಮುಗಿದಿರುತ್ತದೆ, ಹೆಸರುಗಳು ತಂತ್ರಾಂಶಕ್ಕೆ ಏರಿರುತ್ತವೆ, ತಿದ್ದುಪಡಿಗೆ ಉಳಿದಿರುವ ಬಾಗಿಲು ತೀರಾ ಕಿರಿದಾಗಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು: ಪರಿಹಾರದ ಫಲಾನುಭವಿಗಳ ಪಟ್ಟಿಯನ್ನು ಹಣ ಬರುವ ಮೊದಲೇ ನೋಡಬೇಕು. ಅದರಲ್ಲಿ ನಮ್ಮ ಹೆಸರನ್ನಷ್ಟೇ ಹುಡುಕಿ ಸುಮ್ಮನಾಗದೆ ಇಡೀ ಊರಿನ ಪಟ್ಟಿ ಓದಬೇಕು. ಅದು ಸಾರ್ವಜನಿಕ ಹಣ, ಅದರ ಲೆಕ್ಕ ಕೇಳುವ ಹಕ್ಕು ಊರಿನ ಪ್ರತಿಯೊಬ್ಬರಿಗೂ ಇದೆ.

ಇಲ್ಲಿ ಹೇಳಿರುವುದೆಲ್ಲ ಕರ್ನಾಟಕದ ವ್ಯವಸ್ಥೆಗೆ ಸಂಬಂಧಿಸಿದ್ದು.

ಪರಿಹಾರ ಬೇರೆ, ವಿಮೆ ಬೇರೆ

ಮೊದಲು ಈ ಗೊಂದಲ ಬಗೆಹರಿಯಲಿ. ಸರ್ಕಾರ ಕೊಡುವ ಬೆಳೆ ಹಾನಿ ಪರಿಹಾರಕ್ಕೆ, ಅಂದರೆ ಇನ್‌ಪುಟ್ ಸಬ್ಸಿಡಿಗೆ, ನೀವು ಕಂತು ಕಟ್ಟಿರಬೇಕಾಗಿಲ್ಲ. ಅದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ರಚನೆಯಾದ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ, ಎಸ್‌ಡಿಆರ್‌ಎಫ್‌ನಿಂದ ಬರುತ್ತದೆ. ಆ ನಿಧಿಗೆ ನಮ್ಮ ರಾಜ್ಯದ ಮಟ್ಟಿಗೆ ಶೇ 75 ಕೇಂದ್ರದ ಪಾಲು, ಶೇ 25 ರಾಜ್ಯದ ಪಾಲು. ಅದು ಸಾಲದಾದಾಗ ರಾಷ್ಟ್ರೀಯ ನಿಧಿಯಿಂದ ಹೆಚ್ಚುವರಿ ಹಣ ಕೇಳುತ್ತಾರೆ. ಫಸಲ್ ಬಿಮಾ ಯೋಜನೆಯಲ್ಲಿ ಮಾತ್ರ ನೀವು ಪ್ರೀಮಿಯಂ ಕಟ್ಟಿರಬೇಕು, ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ದೂರು ಕೊಡಬೇಕು, ಹಣ ಕೊಡುವುದು ವಿಮಾ ಕಂಪನಿ. ‘ನನಗೆ ವಿಮೆ ಬಂದಿದೆ, ಪರಿಹಾರ ಸಿಗಲ್ಲ’ ಅಂದುಕೊಂಡು ಸುಮ್ಮನೆ ಕೂತವರು ಅನೇಕರಿದ್ದಾರೆ. ಎರಡೂ ಬೇರೆ ಬೇರೆ ದಾರಿ. ಒಂದಕ್ಕೆ ಕೊಟ್ಟ ಅರ್ಜಿ ಇನ್ನೊಂದಕ್ಕೆ ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ನೆನಪಿರಲಿ.

ನಿಮಗೆ ಎಷ್ಟು ಬರಬೇಕು? ಮೊದಲು ಇದನ್ನು ನೀವೇ ಲೆಕ್ಕ ಹಾಕಿ

ಬರಬೇಕಾದ ಮೊತ್ತ ಗೊತ್ತಿಲ್ಲದಿದ್ದರೆ ಬಂದದ್ದು ಸರಿಯೋ ತಪ್ಪೋ ಹೇಳಲು ಆಗುವುದಿಲ್ಲ. 2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರ ನಿಗದಿಪಡಿಸಿದ ದರ ಹೀಗಿದೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಬೆಳೆ ಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರ್ ಮಾತ್ರ.

ಹೆಕ್ಟೇರ್ ಲೆಕ್ಕ ನಮ್ಮ ಬಾಯಿಗೆ ಬರುವುದಿಲ್ಲ, ಎಕರೆಗೆ ಇಳಿಸಿಕೊಳ್ಳೋಣ. ಒಂದು ಹೆಕ್ಟೇರ್ ಅಂದರೆ 2 ಎಕರೆ ಸುಮಾರು 19 ಗುಂಟೆ. ಆಗ ಎಕರೆಗೆ ಮಳೆಯಾಶ್ರಿತಕ್ಕೆ ಸುಮಾರು 3,440 ರೂಪಾಯಿ, ನೀರಾವರಿಗೆ 6,880, ಬಹುವಾರ್ಷಿಕಕ್ಕೆ 9,105 ರೂಪಾಯಿ ಆಗುತ್ತದೆ. ಮಳೆಯಾಶ್ರಿತ ಹೊಲಕ್ಕೆ ಗುಂಟೆಗೆ 86 ರೂಪಾಯಿ ಎಂದು ನೆನಪಿಟ್ಟುಕೊಂಡರೂ ಸಾಕು. ಮೂರೂವರೆ ಎಕರೆ ಮೆಕ್ಕೆಜೋಳ ನೀರು ನಿಂತು ಕೊಳೆತಿದ್ದರೆ 140 ಗುಂಟೆ, ಅಂದರೆ ಸುಮಾರು 12,040 ರೂಪಾಯಿ. ಎರಡು ಹೆಕ್ಟೇರಿನ ಮಿತಿ ಹೆಚ್ಚುಕಡಿಮೆ 4 ಎಕರೆ 38 ಗುಂಟೆ. ಹತ್ತು ಎಕರೆ ಹಾಳಾಗಿದ್ದರೂ ಅಷ್ಟಕ್ಕೇ ಸಿಗುವುದು.

ಇಲ್ಲಿ ಎರಡು ಕಡೆ ಎಡವುತ್ತೇವೆ. ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ ತೋಟಗಾರಿಕೆ ಇಲಾಖೆಯ ವ್ಯಾಪ್ತಿಗೆ ಬಂದರೂ ಅವು ವಾರ್ಷಿಕ ಬೆಳೆ. ಅವುಗಳಿಗೆ ಮಳೆಯಾಶ್ರಿತ ಅಥವಾ ನೀರಾವರಿ ದರವೇ ಹೊರತು 22,500ರ ದರವಲ್ಲ. ಅಡಿಕೆ, ತೆಂಗು, ಮಾವು, ಕಾಫಿಯಂಥವು ಬಹುವಾರ್ಷಿಕ. ಎರಡನೆಯದಾಗಿ, ರಾಜ್ಯ ಸರ್ಕಾರ ಕೆಲವು ವರ್ಷ ತನ್ನ ಬೊಕ್ಕಸದಿಂದ ಹೆಚ್ಚುವರಿ ಸೇರಿಸುತ್ತದೆ. 2021ರಲ್ಲಿ ಆಗಿನ ದರದ ಮೇಲೆ ಸೇರಿಸಿ ಮಳೆಯಾಶ್ರಿತಕ್ಕೆ 13,600, ನೀರಾವರಿಗೆ 25,000, ತೋಟದ ಬೆಳೆಗೆ 28,000 ರೂಪಾಯಿ ಮಾಡಿತ್ತು. 2025ರ ಮುಂಗಾರಿನ ಅತಿವೃಷ್ಟಿಗೆ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿತು. ಅಲ್ಲಿಗೆ ಕ್ರಮವಾಗಿ 17,000, 25,500, 31,000 ಆಯಿತು. ಹಾಗಾಗಿ ನಿಮ್ಮ ಹಾನಿ ಯಾವ ವರ್ಷದ್ದು, ಯಾವ ಹಂಗಾಮಿನದು, ಅದಕ್ಕೆ ಅನ್ವಯಿಸುವ ಸರ್ಕಾರಿ ಆದೇಶ ಯಾವುದು ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಲೆಕ್ಕ ಹಾಕಿ. ಹೆಚ್ಚುವರಿ ಹಣ ಬೇರೆ ಕಂತಿನಲ್ಲಿ ಬಂದರೆ ಮೊದಲ ಕಂತು ಕಡಿಮೆ ಕಾಣಿಸುವುದು ಸಹಜ.

ಬೆಳೆಯಷ್ಟೇ ಅಲ್ಲ, ಜಾನುವಾರಿಗೂ ಇದೆ. ಹಸು, ಎಮ್ಮೆ ಸತ್ತರೆ 37,500 ರೂಪಾಯಿ, ಎತ್ತಿಗೆ 32,000, ಕುರಿ, ಮೇಕೆಗೆ 4,000. ಇದಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ಹೂಳುವ ಮುಂಚೆಯೇ ಅವರನ್ನು ಕರೆಸಿ.

ಹಾನಿಗೆ ಮುಂಚೆಯೇ ಸರಿ ಇರಬೇಕಾದ ನಾಲ್ಕು ಸಂಗತಿ

ಪರಿಹಾರದ ಹಣ ತಪ್ಪುವುದಕ್ಕೆ ಮೋಸಕ್ಕಿಂತ ದಾಖಲೆಯ ತೊಡಕೇ ಹೆಚ್ಚು ಕಾರಣ ಎಂಬುದು ನನ್ನ ಅನುಭವ. ಮಳೆಗಾಲಕ್ಕೆ ಮುಂಚೆ ಇವನ್ನು ನೋಡಿಕೊಳ್ಳಿ.

ಪಹಣಿ: ಜಮೀನು ಯಾರ ಹೆಸರಲ್ಲಿದೆಯೋ ಅವರಿಗೇ ಪರಿಹಾರ. ತಂದೆ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಅವರ ಹೆಸರೇ ಇದ್ದರೆ ಹಣ ಬರುವ ದಾರಿ ಮುಚ್ಚಿಹೋಗಿರುತ್ತದೆ. ಪೌತಿ ಖಾತೆ ಮಾಡಿಸಿ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಜಂಟಿ ಖಾತೆ ಇದ್ದರೆ ಯಾರ ಪಾಲು ಎಷ್ಟು ಗುಂಟೆ ಎಂಬುದು ಸ್ಪಷ್ಟವಿರಲಿ. ಪಾಲಿಗೆ, ಕೋರಿಗೆ ಮಾಡಿದವರ ಕಷ್ಟ ಇನ್ನೂ ದೊಡ್ಡದು. ಬೆವರು ಅವರದು, ಬೀಜ ಗೊಬ್ಬರದ ಸಾಲ ಅವರದು, ಆದರೆ ಹಣ ಹೋಗುವುದು ಪಹಣಿದಾರರಿಗೆ. ಈ ಅನ್ಯಾಯವನ್ನು ವ್ಯವಸ್ಥೆ ಇನ್ನೂ ಸರಿಪಡಿಸಿಲ್ಲ. ಸದ್ಯಕ್ಕೆ ಉಳಿದಿರುವ ದಾರಿ, ಜಮೀನು ಹಿಡಿಯುವಾಗಲೇ ಪರಿಹಾರ ಬಂದರೆ ಯಾರಿಗೆ ಎಷ್ಟು ಎಂದು ಕರಾರು ಬರೆದುಕೊಳ್ಳುವುದು.

ಫ್ರೂಟ್ಸ್ ಐಡಿ: ರೈತರ ಮತ್ತು ಅವರ ಜಮೀನಿನ ವಿವರ ಇಡುವ ಸರ್ಕಾರಿ ತಂತ್ರಾಂಶ ಫ್ರೂಟ್ಸ್, ಅದರಲ್ಲಿ ನಿಮಗೆ ಸಿಗುವ ಗುರುತಿನ ಸಂಖ್ಯೆಯೇ ಎಫ್‌ಐಡಿ. ರೈತ ಸಂಪರ್ಕ ಕೇಂದ್ರದಲ್ಲಿ ಅದನ್ನು ಮಾಡಿಸಿರುತ್ತೀರಿ. ಆದರೆ ಅದಕ್ಕೆ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ? ಆಮೇಲೆ ಕೊಂಡ ಜಮೀನು, ವಿಭಾಗದಲ್ಲಿ ಬಂದ ಜಮೀನು, ಬೇರೆ ಹೋಬಳಿಯ ಜಮೀನು ಬಿಟ್ಟುಹೋಗಿರುವುದು ಬಹಳ ಸಾಮಾನ್ಯ. ಬಿಟ್ಟುಹೋದ ಸರ್ವೆ ನಂಬರಿಗೆ ಪರಿಹಾರ ಬರುವುದಿಲ್ಲ.

ಬೆಳೆ ಸಮೀಕ್ಷೆ: ಪ್ರತಿ ಹಂಗಾಮಿನಲ್ಲಿ ಯಾವ ಹೊಲದಲ್ಲಿ ಯಾವ ಬೆಳೆ ಎಂದು ಆ್ಯಪ್‌ನಲ್ಲಿ ಫೋಟೊ ಸಮೇತ ದಾಖಲಾಗುತ್ತದೆ. ರೈತರೇ ಮಾಡಬಹುದು, ಮಾಡದಿದ್ದರೆ ಖಾಸಗಿ ನಿವಾಸಿಗಳು, ಅಂದರೆ ಸಮೀಕ್ಷೆಗೆಂದು ನೇಮಿಸಿದ ಸ್ಥಳೀಯರು (ಪಿಆರ್‌ಗಳು) ಬಂದು ಮಾಡುತ್ತಾರೆ. ನೀವು ತೊಗರಿ ಬಿತ್ತಿದ್ದು ಅಲ್ಲಿ ‘ಪಾಳು’ ಎಂದು ನಮೂದಾಗಿದ್ದರೆ ಪರಿಹಾರದ ಮಾತೇ ಇಲ್ಲ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ಏನು ದಾಖಲಾಗಿದೆ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ಬರಗಾಲದ ವರ್ಷ ಇದು ಇನ್ನೂ ಮುಖ್ಯ. ಪ್ರವಾಹದಲ್ಲಾದರೆ ಹೊಲ ಹೊಲಕ್ಕೆ ಬಂದು ನೋಡುತ್ತಾರೆ. ಬರದಲ್ಲಿ ತಾಲ್ಲೂಕನ್ನೇ ಬರಪೀಡಿತ ಎಂದು ಘೋಷಿಸಿ, ಬೆಳೆ ಸಮೀಕ್ಷೆ ಮತ್ತು ಫ್ರೂಟ್ಸ್ ಮಾಹಿತಿಯ ಮೇಲೆ ನೇರವಾಗಿ ಹಣ ಹಾಕುತ್ತಾರೆ. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದಾಗ ಹೀಗೇ ಆಯಿತು. ಅರ್ಜಿ ಕೊಡುವ ಅಗತ್ಯವೇ ಇರಲಿಲ್ಲ. ದಾಖಲೆ ತಪ್ಪಿದ್ದವರಿಗೆ ಆಗ ಅರ್ಜಿ ಕೊಟ್ಟೂ ಪ್ರಯೋಜನವಾಗಲಿಲ್ಲ.

ಬ್ಯಾಂಕ್ ಖಾತೆ: ಹಣ ಬರುವುದು ಆಧಾರ್ ಆಧಾರಿತವಾಗಿ. ನೀವು ಕೊಟ್ಟ ಪಾಸ್‌ಬುಕ್ ನಕಲಿನ ಖಾತೆಗೇ ಬರುತ್ತದೆ ಎಂದೇನಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ ಎನ್‌ಪಿಸಿಐ ದಾಖಲೆಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಯಾವುದೋ ಅಲ್ಲಿಗೆ ಹೋಗುತ್ತದೆ. ‘ನನಗೆ ಹಣವೇ ಬಂದಿಲ್ಲ’ ಎಂದು ತಾಲ್ಲೂಕು ಕಚೇರಿಗೆ ಅಲೆದವರಲ್ಲಿ ಎಷ್ಟೋ ಮಂದಿಯ ದುಡ್ಡು, ಯಾವತ್ತೋ ತೆರೆದು ಮರೆತಿದ್ದ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ. ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಒಟಿಪಿ ಹಾಕಿ ನೋಡಿದರೆ ಯಾವ ಬ್ಯಾಂಕ್ ಎಂದು ತಿಳಿಯುತ್ತದೆ. ಈ ಒಟಿಪಿಯನ್ನು ಫೋನ್ ಮಾಡಿ ಕೇಳಿದವರಿಗೆ ಹೇಳಬೇಡಿ. ಪರಿಹಾರ ಹಾಕುತ್ತೇವೆ ಎಂದು ಒಟಿಪಿ ಕೇಳುವವರು ವಂಚಕರು. ಹಣ ಕಳೆದುಕೊಂಡರೆ ತಕ್ಷಣ 1930ಕ್ಕೆ ಕರೆ ಮಾಡಿ.

ಹಾನಿಯಾದ ದಿನದಿಂದ ಪಟ್ಟಿಯವರೆಗೆ

ನೀರು ಇಳಿಯುವ ಮೊದಲೇ ಫೋಟೊ ತೆಗೆಯಿರಿ. ಜಿಪಿಎಸ್ ಕ್ಯಾಮೆರಾ ಆ್ಯಪ್ ಇದ್ದರೆ ಸ್ಥಳ, ದಿನಾಂಕ, ಸಮಯ ಫೋಟೊ ಮೇಲೇ ಮೂಡುತ್ತದೆ. ಹತ್ತಿರದಿಂದ ಬೆಳೆಯದು ಒಂದು, ದೂರದಿಂದ ಬದು, ಕರೆಂಟ್ ಕಂಬ, ಮರದಂಥ ಗುರುತು ಕಾಣುವಂತೆ ಇನ್ನೊಂದು. ಹೊಲ ನಿಮ್ಮದೇ ಎಂದು ತೋರಿಸುವುದು ಆ ಎರಡನೇ ಫೋಟೊ.

ಆಮೇಲೆ ಗ್ರಾಮ ಆಡಳಿತ ಅಧಿಕಾರಿಗೆ ಅಥವಾ ನಾಡಕಚೇರಿಗೆ ಅರ್ಜಿ ಕೊಡಿ. ಪಹಣಿ, ಆಧಾರ್, ಎಫ್‌ಐಡಿ ಸಂಖ್ಯೆ, ಫೋಟೊ ಜೊತೆಗಿರಲಿ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ಬರ್ಕೊಂಡಿದೀವಿ ಹೋಗ್ರಿ’ ಅಂದರೆ ವಾಪಸ್ ಬರಬೇಡಿ. ಮುಂದೆ ಏನೇ ಕೇಳಬೇಕಾದರೂ ಆ ಮೊಹರಿನ ಪ್ರತಿಯೇ ಆಧಾರ.

ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಜಂಟಿ ಸಮೀಕ್ಷೆಗೆ ಬರುತ್ತಾರೆ. ಆ ದಿನ ಹೊಲದಲ್ಲಿರಿ. ಎಷ್ಟು ಗುಂಟೆ ಹಾನಿ ಎಂದು ಬರೆದರು, ಶೇಕಡಾವಾರು ಎಷ್ಟು, ಮಳೆಯಾಶ್ರಿತ ಅಂತಲೋ ನೀರಾವರಿ ಅಂತಲೋ, ಈ ಮೂರನ್ನು ಅಲ್ಲೇ ಕೇಳಿ ನಿಮ್ಮ ಪುಸ್ತಕದಲ್ಲೂ ಬರೆದುಕೊಳ್ಳಿ. ಶೇ 30 ಅಂತ ಬರೆದುಬಿಟ್ಟರೆ ಒಂದು ರೂಪಾಯಿಯೂ ಸಿಗದು ಎಂಬುದು ನೆನಪಿರಲಿ. ಒಪ್ಪಿಗೆ ಇಲ್ಲದಿದ್ದರೆ ಜಗಳ ಬೇಡ. ಮರುಸಮೀಕ್ಷೆ ಕೋರಿ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಿ, ಅದೂ ಹೊಲ ಹದಗೊಳಿಸಿ ಮತ್ತೆ ಬಿತ್ತುವ ಮುಂಚೆ.

ಸಮೀಕ್ಷೆಯ ನಂತರ ಹೆಸರುಗಳು ‘ಪರಿಹಾರ’ ತಂತ್ರಾಂಶಕ್ಕೆ ಹೋಗುತ್ತವೆ. ಅನೇಕ ಜಿಲ್ಲಾಡಳಿತಗಳು ಕರಡು ಪಟ್ಟಿಯನ್ನು ಗ್ರಾಮ ಪಂಚಾಯಿತಿ, ನಾಡಕಚೇರಿ, ತಾಲ್ಲೂಕು ಕಚೇರಿಯ ಫಲಕದಲ್ಲಿ ಅಂಟಿಸಿ ಆಕ್ಷೇಪಣೆ ಕರೆಯುತ್ತವೆ. ಕೊಡುವ ಅವಧಿ ಕಡಿಮೆ, ಅಂಟಿಸಿದ ಕಾಗದ ಮಳೆಗೆ ಹರಿದುಹೋಗುವುದೂ ಉಂಟು. ಅಂಟಿಸಿದ ದಿನವೇ ಪ್ರತಿ ಹಾಳೆಯ ಫೋಟೊ ತೆಗೆದಿಡಿ. ಪಟ್ಟಿ ಅಂಟಿಸಿಯೇ ಇಲ್ಲವೆಂದರೆ ಅಂಟಿಸುವಂತೆ ತಹಶೀಲ್ದಾರರಿಗೆ ಊರವರೆಲ್ಲ ಸಹಿ ಹಾಕಿ ಮನವಿ ಕೊಡಿ.

ಪೋರ್ಟಲ್‌ನಲ್ಲಿ ನೋಡುವ ಬಗೆ

ಕಂದಾಯ ಇಲಾಖೆಯ ‘ಪರಿಹಾರ’ ಪೋರ್ಟಲ್‌ನಲ್ಲಿ ವರ್ಷ, ಹಂಗಾಮು, ವಿಪತ್ತಿನ ವಿಧ ಆಯ್ಕೆ ಮಾಡಿ ನಿಮ್ಮ ಪಾವತಿಯ ಸ್ಥಿತಿ ನೋಡಬಹುದು. ವರ್ಷದ ಆಯ್ಕೆಯಲ್ಲಿ ಬಹಳ ಜನ ತಪ್ಪುತ್ತಾರೆ. 2024ರ ಜನವರಿಯಲ್ಲಿ ಬಂದ ಬರ ಪರಿಹಾರದ ಮೊದಲ ಕಂತು 2023-24ರ ಮುಂಗಾರಿನ ಲೆಕ್ಕಕ್ಕೆ ಸೇರಿದ್ದು. ಹಣ ಬಂದ ವರ್ಷ ಬಿಟ್ಟು, ಹಾನಿಯಾದ ಹಂಗಾಮಿನ ವರ್ಷ ಹಾಕಿ ನೋಡಿ.

ಅದೇ ಪೋರ್ಟಲ್‌ನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆಯ್ಕೆ ಮಾಡಿದರೆ ಊರಿನ ಫಲಾನುಭವಿಗಳ ಪಟ್ಟಿಯೇ ಸಿಗುತ್ತದೆ. ಈ ಲೇಖನ ಬರೆಯಲು ಮುಖ್ಯ ಕಾರಣವೇ ಆ ಪಟ್ಟಿ. ನಮ್ಮ ಹಳ್ಳಿಗಳಲ್ಲಿ ಅದನ್ನು ತೆರೆದು ನೋಡಿದವರು ಬೆರಳೆಣಿಕೆಯಷ್ಟು.

ಊರಿನ ಪಟ್ಟಿಯನ್ನು ಒಟ್ಟಿಗೆ ಓದಿ

ಪಟ್ಟಿಯನ್ನು ಮುದ್ರಿಸಿ ತನ್ನಿ. ಅರಳಿಕಟ್ಟೆಯೋ ಪಂಚಾಯಿತಿ ಅಂಗಳವೋ, ಎಲ್ಲರೂ ಸೇರುವ ಕಡೆ ಒಬ್ಬರು ಗಟ್ಟಿಯಾಗಿ ಓದಲಿ: ಹೆಸರು, ಬೆಳೆ, ವಿಸ್ತೀರ್ಣ, ಮೊತ್ತ. ಇನ್ನೊಬ್ಬರು ಪಕ್ಕದಲ್ಲಿ ಕೂತು ಸಂಶಯ ಬಂದ ಸಾಲಿಗೆ ಗುರುತು ಹಾಕಲಿ. ಕಚೇರಿಯಲ್ಲಿ ಕೂತವರಿಗೆ ಹೊಳೆಯದ ಸಂಗತಿ ಊರಿನವರಿಗೆ ಕೇಳಿದ ಕ್ಷಣ ಗೊತ್ತಾಗುತ್ತದೆ. ‘ಅವರು ತೀರಿಕೊಂಡು ಎರಡು ವರ್ಷ ಆಯ್ತಲ್ಲ’, ‘ಆ ಹೊಲದಲ್ಲಿ ಈ ಸಲ ಬಿತ್ತೇ ಇಲ್ಲ’, ‘ಅದು ಲೇಔಟ್ ಆಗಿದೆ’, ‘ಅಲ್ಲಿ ಬೋರ್‌ವೆಲ್ ಎಲ್ಲಿದೆ?’ ಹೀಗೆ ಒಂದೊಂದೇ ಮಾತು ಬರುತ್ತದೆ. ಅರ್ಹತೆ ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲದ ಒಂಟಿ ಹೆಣ್ಣುಮಕ್ಕಳು, ಓದು ಬಾರದ ಹಿರಿಯರು ಯಾರೆಂಬುದೂ ಅಲ್ಲೇ ಹೊರಬೀಳುತ್ತದೆ. ಬಿಟ್ಟುಹೋದವರ ಪಟ್ಟಿಯನ್ನು ಪ್ರತ್ಯೇಕವಾಗಿ ಬರೆಯಿರಿ, ಮೊದಲು ಅದರ ಬೆನ್ನು ಹತ್ತಿ.

ಮೊತ್ತವನ್ನು ಎಕರೆಯಿಂದ ಭಾಗಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಕೇಂದ್ರದ ದರ ಮಾತ್ರ ಇದ್ದ ವರ್ಷ ಎಕರೆಗೆ 6,880 ರೂಪಾಯಿ ಬಂದಿದ್ದರೆ ಆ ಹೊಲವನ್ನು ನೀರಾವರಿ ಎಂದು ನಮೂದಿಸಿದ್ದಾರೆ ಎಂದರ್ಥ. ಸುತ್ತ ಎಲ್ಲೂ ಕಾಲುವೆ, ಕೊಳವೆಬಾವಿ ಇಲ್ಲದ ಎರೆಹೊಲಕ್ಕೆ ಹಾಗೆ ಬಂದಿದ್ದರೆ ಕೇಳಬೇಕಾದ ಪ್ರಶ್ನೆ. ಆದರೆ 2025ರ ಹೆಚ್ಚುವರಿ ಸೇರಿದಾಗ ಮಳೆಯಾಶ್ರಿತಕ್ಕೂ ಎಕರೆಗೆ ಅಷ್ಟೇ ಆಗುತ್ತದೆ, ಆದ್ದರಿಂದ ವರ್ಷ ನೋಡದೆ ಯಾರ ಮೇಲೂ ಬೆರಳು ತೋರಿಸಬೇಡಿ. ಒಂದೇ ಸರ್ವೆ ನಂಬರ್ ಎರಡು ಸಲ ಬಂದಿದ್ದರೂ ಅದು ಬೇರೆ ಬೇರೆ ಹಿಸ್ಸಾ ಆಗಿರಬಹುದು, ಇಬ್ಬರ ವಿಸ್ತೀರ್ಣ ಕೂಡಿದಾಗ ಪಹಣಿಯ ಒಟ್ಟು ವಿಸ್ತೀರ್ಣ ಮೀರಿದರೆ ಮಾತ್ರ ತಪ್ಪು. ಗೋಮಾಳದ ಸರ್ವೆ ನಂಬರ್, ಊರಿನಲ್ಲಿ ಜಮೀನೇ ಇಲ್ಲದವರ ಹೆಸರು ಕಂಡರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಇದರಿಂದ ಊರಲ್ಲಿ ಮನಸ್ತಾಪ ಬರುತ್ತದೆ ಎಂದು ಹಿಂಜರಿಯುವವರಿದ್ದಾರೆ. ಅವರ ಅಳುಕು ನನಗೆ ಅರ್ಥವಾಗುತ್ತದೆ. ಅದಕ್ಕೇ ದೂರಿನಲ್ಲಿ ವ್ಯಕ್ತಿಯನ್ನು ಬಯ್ಯದೆ ಸಾಲನ್ನು ಹಿಡಿಯಿರಿ: ‘ಸರ್ವೆ ನಂಬರ್ ಇಷ್ಟು, ಪಟ್ಟಿಯಲ್ಲಿ ಇಷ್ಟು ವಿಸ್ತೀರ್ಣ, ಪಹಣಿಯಲ್ಲಿ ಇಷ್ಟು, ಪರಿಶೀಲಿಸಿ.’ ಎಷ್ಟೋ ಸಲ ತಪ್ಪು ಬೆರಳಚ್ಚಿನದ್ದೇ ಆಗಿರುತ್ತದೆ. ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಾಗ ಆಧಾರ್, ಖಾತೆ ಸಂಖ್ಯೆ ಎಲ್ಲಾದರೂ ಕಂಡರೆ ಅಳಿಸಿಯೇ ಹಾಕಿ. ಆಧಾರ್ ಸಂಖ್ಯೆ ಬಹಿರಂಗಪಡಿಸಲು ಕಾನೂನಿನ ಅನುಮತಿ ಇಲ್ಲ.

ಮಾಹಿತಿ ಹಕ್ಕಿನ ಅರ್ಜಿ

ಪೋರ್ಟಲ್‌ನಲ್ಲಿ ಹಣ ಸಿಕ್ಕವರ ಪಟ್ಟಿ ಇರುತ್ತದೆ. ಸಮೀಕ್ಷಾ ವರದಿ, ತಿರಸ್ಕೃತರ ಪಟ್ಟಿ, ತಿರಸ್ಕಾರದ ಕಾರಣ ಬೇಕೆಂದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಮೊರೆ ಹೋಗಬೇಕು. ನಮೂನೆ ‘ಎ’ಯಲ್ಲಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ಯಾಕೆ ಕೊಟ್ಟಿಲ್ಲ?’ ಎಂದು ಕೇಳಿದರೆ ಉತ್ತರ ಜಾರಿಸುತ್ತಾರೆ. ಕಡತದಲ್ಲಿರುವ ದಾಖಲೆ ಕೇಳಿ. ಹೀಗೆ ಬರೆಯಬಹುದು:

*ನಮ್ಮ ತಾಲ್ಲೂಕಿನ \_\_\_\_ ಗ್ರಾಮದ 2025-26ನೇ ಸಾಲಿನ ಮುಂಗಾರು ಹಂಗಾಮಿನ ಅತಿವೃಷ್ಟಿ ಬೆಳೆ ಹಾನಿ ಪರಿಹಾರಕ್ಕೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ನಕಲು ಒದಗಿಸಬೇಕಾಗಿ ಕೋರಿಕೆ. 1) ಜಂಟಿ ಸಮೀಕ್ಷಾ ತಂಡದ ವರದಿ. 2) ಪರಿಹಾರ ಮಂಜೂರಾದವರ ಹೆಸರು, ಸರ್ವೆ ನಂಬರ್, ಬೆಳೆ, ಹಾನಿಯ ವಿಸ್ತೀರ್ಣ ಮತ್ತು ಮೊತ್ತದ ಪಟ್ಟಿ. 3) ತಿರಸ್ಕೃತವಾದ ಅರ್ಜಿಗಳ ಪಟ್ಟಿ, ದಾಖಲಾದ ಕಾರಣ ಸಹಿತ. 4) ಪಾವತಿ ವಿಫಲವಾದವರ ಪಟ್ಟಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಅಗತ್ಯವಿಲ್ಲ.*

ಕೊನೆಯ ಸಾಲು ಬಿಡಬೇಡಿ. ‘ವೈಯಕ್ತಿಕ ಮಾಹಿತಿ’ ಎಂದು ತಳ್ಳಿಹಾಕುವುದು ಈಗ ಇನ್ನೂ ಸುಲಭವಾಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ)ಗೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಆದರೆ ಸಹಾಯಧನ ಕಾರ್ಯಕ್ರಮಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುವ ಕಲಂ 4(1)(ಬಿ) ಹಾಗೆಯೇ ಇದೆ, ಸಾರ್ವಜನಿಕ ಹಿತಾಸಕ್ತಿ ಹೆಚ್ಚೆನಿಸಿದರೆ ಮಾಹಿತಿ ಕೊಡಬಹುದೆನ್ನುವ ಕಲಂ 8(2) ಕೂಡ ಇದೆ. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಯಲ್ಲಿ ಇವೆರಡನ್ನೂ ಉಲ್ಲೇಖಿಸಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆನಂತರ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ದೂರು ಎಲ್ಲಿಗೆ?

ಮೊದಲು ತಹಶೀಲ್ದಾರ್, ಆಮೇಲೆ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ. ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಬಹುದು. ಗ್ರಾಮಸಭೆಯಲ್ಲಿ ಪಟ್ಟಿಯನ್ನು ಓದಿಸಿ, ಬಿಟ್ಟುಹೋದವರನ್ನು ಸೇರಿಸಬೇಕೆಂದು ನಿರ್ಣಯ ಮಾಡಿಸಿದರೆ ಆ ಕಾಗದಕ್ಕೆ ಒಬ್ಬಂಟಿ ಅರ್ಜಿಗಿಂತ ಹೆಚ್ಚಿನ ಬಲ. ನಿರ್ಣಯದ ದೃಢೀಕೃತ ನಕಲನ್ನು ಪಿಡಿಒ ಅವರಿಂದ ಪಡೆದು ಜಿಲ್ಲಾಧಿಕಾರಿಗೆ ಕೊಡುವ ಮನವಿಗೆ ಲಗತ್ತಿಸಿ.

ಹಣ ಬಂದೂ ಕೈಗೆ ಸಿಗದ ಒಂದು ಸಂದರ್ಭ ಉಳಿದಿದೆ. ಬ್ಯಾಂಕಿನವರು ಪರಿಹಾರದ ಹಣವನ್ನು ಹಳೇ ಬೆಳೆಸಾಲಕ್ಕೆ ಹೊಂದಿಸಿಕೊಳ್ಳುವುದು. 2024ರಲ್ಲಿ ಬರ ಪರಿಹಾರ ಬಂದಾಗ ಹೀಗಾದದ್ದರಿಂದಲೇ ಸಾಲಕ್ಕೆ ಜಮಾ ಮಾಡಿಕೊಳ್ಳಕೂಡದೆಂದು ಸರ್ಕಾರ, ಜಿಲ್ಲಾಧಿಕಾರಿಗಳು ಬ್ಯಾಂಕುಗಳಿಗೆ ಸೂಚನೆ ಕೊಡಬೇಕಾಯಿತು. ನಿಮಗೂ ಹಾಗಾದರೆ ಪಾಸ್‌ಬುಕ್‌ನಲ್ಲಿ ಜಮೆ ಮತ್ತು ಕಡಿತ ಎರಡೂ ಕಾಣುವಂತೆ ಎಂಟ್ರಿ ಹಾಕಿಸಿ, ಶಾಖಾ ವ್ಯವಸ್ಥಾಪಕರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಗಳನ್ನು ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ತಹಶೀಲ್ದಾರರಿಗೂ ಕೊಡಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಬ್ಯಾಂಕ್ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಸಲ್ಲಿಸುವ ವಿಧಾನವನ್ನು 14448ರಲ್ಲಿ ತಿಳಿಸುತ್ತಾರೆ.